ಮಂಡಿ ಮನೆ ಸೊಸೆಯ ಜಡೆ

ಬೆಳಕು ಹರಿಯುವ ಮುಂಚೆ ಸುಪ್ರಿಯಾ ಮಾಡಿ ಮುಗಿಸುವ ಕೆಲಸಗಳಿವು. ನಾಲ್ಕೂವರೆಗೆ ಎದ್ದು ಬಚ್ಚಲೊಲೆಗೆ ಉರಿ ಹಾಕುವುದು. ಹಿತ್ತಲ ಬಾಗಿಲು ತೆಗೆದು ಹಾಲು ಒಳಗೆ ತರುವುದು. ಫಿಲ್ಟರಿಗೆ ಕಾಫಿಪುಡಿ ತುಂಬಿ, ಬಿಸಿನೀರು ಹೊಯ್ದು ಮುಚ್ಚುವುದು. ಅತ್ತೆ ಗಿರಿಜಾಂಬಾ ಅವರ ಶುಗರ್ ಮಾತ್ರೆ, ನೆನೆಸಿದ ಮೆಂತ್ಯ, ಬೆಚ್ಚಗಿನ ನೀರು, ಮೂರನ್ನೂ ಮಂಚದ ಪಕ್ಕದ ಸ್ಟೂಲಿನ ಮೇಲೆ ಸದ್ದಾಗದ ಹಾಗೆ ಇಡುವುದು. ಲಿಂಗಪೂಜೆಯ ತಟ್ಟೆ ತೊಳೆದು ಹೂವು, ವಿಭೂತಿ ಜೋಡಿಸುವುದು. ಅಕ್ಕಿಹಿಟ್ಟು ಬೇಯಿಸಿ, ನಾದಿ, ರೊಟ್ಟಿಗೆ ಉಂಡೆ ಕಟ್ಟುವುದು. ಏಳು ಗಂಟೆ ಬಸ್ಸಿಗೆ ಚಿಕ್ಕಮಗಳೂರಿನ ಕಾಲೇಜಿಗೆ ಓಡುವ ಮಗಳು ಕೃತಿಕಾಳಿಗೆ ಡಬ್ಬಿ. ಗಂಡ ಪ್ರಸನ್ನಕುಮಾರನ ಅಂಗಿಗೆ ಇಸ್ತ್ರಿ.

ಇದು ಮನೆಯವರಿಗೆ ಗೊತ್ತಿದ್ದ ಪಟ್ಟಿ. ಗೊತ್ತಿಲ್ಲದ್ದು ಒಂದಿತ್ತು, ಅದು ಇವೆಲ್ಲಕ್ಕಿಂತ ಮೊದಲಿನದು. ಬಚ್ಚಲ ಚಿಲಕ ಹಾಕಿಕೊಂಡು, ತನ್ನ ತಲೆಯಲ್ಲಿ ಉಳಿದಿದ್ದ ನಾಲ್ಕೆಳೆ ಕೂದಲಿಗೆ ಚೌರಿ ಸೇರಿಸಿ, ತೊಡೆ ಮುಟ್ಟುವ ಜಡೆ ಹೆಣೆದುಕೊಳ್ಳುವುದು.

ಆಲ್ದೂರಿನಲ್ಲಿ ಅವಳನ್ನು ಸುಪ್ರಿಯಾ ಅಂತ ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. "ಮಂಡಿ ಮನೆ ಜಡೆ ಸೊಸೆ" ಅಂದರೆ ಬಸ್‌ಸ್ಟ್ಯಾಂಡಿನ ಹೂವಿನವಳೂ ಕೈ ತೋರಿಸುತ್ತಾಳೆ. ಪ್ರಸನ್ನಕುಮಾರನದು ಕಾಫಿ ಮಂಡಿ. ಸುತ್ತಲಿನ ಬೆಳೆಗಾರರಿಂದ ಪಾರ್ಚ್‌ಮೆಂಟು, ಚೆರಿ ಅನ್ನುವ ಎರಡು ಬಗೆ ಕಾಫಿಬೀಜ, ಮೆಣಸು ಕೊಳ್ಳುವ ವ್ಯಾಪಾರ. ಹತ್ತೊಂಬತ್ತು ವರ್ಷದ ಹಿಂದೆ ಕಳಸಕ್ಕೆ ಹೆಣ್ಣು ನೋಡಲು ಹೋದಾಗ ಗಿರಿಜಾಂಬಾ ಹಾಡು ಕೇಳಲಿಲ್ಲ, ಅಡಿಗೆ ಬರುತ್ತದೆಯೇ ಅಂತಲೂ ಕೇಳಲಿಲ್ಲ. "ಎದ್ದು ಆ ಕಡೆ ತಿರುಗಿ ನಿಲ್ಲಮ್ಮ" ಅಂದರು. ಹತ್ತಿರ ಬಂದು ಜಡೆಯನ್ನು ಬುಡದಲ್ಲಿ ಹಿಡಿದು, ಬಾವಿ ಹಗ್ಗ ಪರೀಕ್ಷೆ ಮಾಡುವ ಹಾಗೆ ಜಗ್ಗಿದರು. ಹುಡುಗಿಯ ಕಣ್ಣಲ್ಲಿ ನೀರು ಬಂತು. "ಚೌರಿ ಅಲ್ಲ ಮಾರಾಯ, ಸ್ವಂತದ್ದೇ" ಅಂತ ಮಗನ ಕಡೆ ನೋಡಿ ನಕ್ಕರು. ಸಂಬಂಧ ಕುದುರಿತು.

ಆ ಜಡೆಯನ್ನು ಎಲ್ಲರೂ ಹೊಗಳಿದರು, ಯಾರೂ ಸಾಕಲಿಲ್ಲ. ವಾರಕ್ಕೊಮ್ಮೆ ಎಣ್ಣೆ, ಸೀಗೆ, ಸಿಕ್ಕು ಬಿಡಿಸಲು ಒಂದು ಗಂಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಲ್ಲಿ ಕೂದಲು ಒಣಗೀತೇ? ಎಲ್ಲರ ಊಟ ಮುಗಿದ ಮೇಲೆ ಬಚ್ಚಲೊಲೆಯ ಮುಂದೆ ಬೆನ್ನು ಹಾಕಿ ಕೂತು ಕಾಯಿಸಿಕೊಳ್ಳಬೇಕು. ಮದುವೆಮನೆಗಳಲ್ಲಿ ಪ್ರಸನ್ನಕುಮಾರ, "ನಮ್ಮನೆಯವಳ ಜಡೆ ನೋಡಿ, ಈ ಕಾಲದಲ್ಲಿ ಎಲ್ಲಿ ಸಿಗುತ್ತೆ" ಅನ್ನುತ್ತಿದ್ದ, ಒಳ್ಳೆ ಲಾಟಿನ ಮೆಣಸು ತೋರಿಸುವ ದನಿಯಲ್ಲಿ. ಊರಿಗೆ ಅವಳ ಬೆನ್ನು ಗೊತ್ತಿದ್ದಷ್ಟು ಮುಖ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಹಾಗೇ ಆಗಿತ್ತು. ಕನ್ನಡಿ ಮುಂದೆ ನಿಂತರೆ ಮೊದಲು ಪಕ್ಕಕ್ಕೆ ತಿರುಗಿ ಜಡೆ ನೋಡಿಕೊಳ್ಳುವಳು, ಆಮೇಲೆ ಮುಖ.

ಏಳು ವರ್ಷದ ಹಿಂದೆ ಥೈರಾಯ್ಡ್ ಶುರುವಾಯಿತು. ಬಾಚಣಿಗೆ ತುಂಬ, ದಿಂಬಿನ ತುಂಬ, ಬಚ್ಚಲ ಜಾಲರಿ ತುಂಬ ಕೂದಲು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಉದುರುವುದು ನಿಂತಿತು ಅಂತ ಅವಳು ಮನೆಯಲ್ಲಿ ಹೇಳಿದಳು. ನಿಂತಿರಲಿಲ್ಲ.

ಚಿಕ್ಕಮಗಳೂರು ಸಂತೆಯಲ್ಲಿ ಚೌರಿ ಕಟ್ಟುವ ಮುದುಕಿಯೊಬ್ಬಳು ಸಿಕ್ಕಳು. "ಅಂಗಡಿ ಚೌರಿ ನೈಲಾನು ತಾಯೀ, ಬಿಸಿಲಲ್ಲಿ ಮಿಂಚುತ್ತೆ, ಸಿಕ್ಕಿಬೀಳ್ತೀಯ. ನಿನ್ನದೇ ಉದುರಿದ್ದು ಕೂಡಿಡು. ಎರಡು ಬೆರಳ ನಡುವೆ ಉಜ್ಜಿದರೆ ಕೂದಲು ಬುಡದ ಕಡೆಗೇ ಜಾರುತ್ತೆ. ಬುಡ ಎಲ್ಲ ಒಂದು ಕಡೆ ಮಾಡಿ ಕೆಂಪು ನೂಲಲ್ಲಿ ಬಿಗಿ. ಹುಳ ಹಿಡಿಯದ ಹಾಗೆ ಬೇವಿನೆಲೆ, ಕಾಳುಮೆಣಸು ಹಾಕಿಡು" ಅಂತ ಕಲಿಸಿದಳು. ಮೂರು ವರ್ಷ ಕೂಡಿಟ್ಟು ಮೊದಲ ಚೌರಿ ಕಟ್ಟಿಸಿದ್ದಾಯಿತು. ಅದು ಸವೆಯುವಷ್ಟರಲ್ಲಿ ಇನ್ನೊಂದು ಆಗಬೇಕಲ್ಲ; ಎರಡನೆಯದಕ್ಕೆ ಅಟ್ಟದ ಮೇಲೆ, ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಸಣ್ಣ ಸಣ್ಣ ಕೂದಲಿನ ಕಟ್ಟುಗಳು ಸೇರುತ್ತಿದ್ದವು.

ಆ ಗುರುವಾರ ಗಿರಿಜಾಂಬಾ ಹಲಸಿನ ಹಪ್ಪಳದ ಡಬ್ಬ ಅಂತ ಅದನ್ನೇ ಇಳಿಸಿದರು.

ಮುಚ್ಚಳ ತೆಗೆದವರು ಮೊದಲು ಕೂಗಲಿಲ್ಲ. ಡಬ್ಬವನ್ನು ನೆಲಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೂರು ಹೆಜ್ಜೆ ಹಿಂದೆ ಸರಿದರು. ಕೂದಲು, ಕೆಂಪು ದಾರದ ಗಂಟು, ಒಣಗಿದ ಬೇವು, ಕರೀ ಕಾಳು. ಆಲ್ದೂರಿನಲ್ಲಿ ಹುಟ್ಟಿದ ಎಂಥವರೇ ಆಗಲಿ, ಇದನ್ನು ನೋಡಿದರೆ ಏನಂದುಕೊಳ್ಳುತ್ತಾರೆ?

"ಮಾಟ" ಅಂದರು ಗಿರಿಜಾಂಬಾ.

ಒಂದು ಮಾತು ಬಾಯಿಂದ ಬಿದ್ದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂದು ಅದರ ಪಕ್ಕ ಕೂತಿತು. ಬಾಳೂರು ತಿರುವಿನಲ್ಲಿ ಪ್ರಸನ್ನನ ಜೀಪು ಚರಂಡಿಗೆ ಇಳಿದದ್ದು. ಗಿರಿಜಾಂಬಾ ಅವರ ಶುಗರ್ ಮುನ್ನೂರು ದಾಟಿದ್ದು. ಗೋದಾಮಿನ ಮೆಣಸಿಗೆ ಬೂಷ್ಟು ಬಂದದ್ದು. ಎಲ್ಲವೂ ಈ ಡಬ್ಬದಿಂದಲೇ.

"ಇಷ್ಟುದ್ದ ಕೂದಲು ಈ ಮನೇಲಿ ಯಾರದು? ನಿನ್ನದೇ" ಎಂದು ಅವರು ಸುಪ್ರಿಯಾಳ ಕಡೆ ತಿರುಗಿದರು. "ಉದುರಿದ್ದನ್ನ ಏನು ಮಾಡ್ತೀ? ನಾನು ಹೇಳಿಕೊಟ್ಟ ಹಾಗೆ ಮೂರು ಸಲ ಉಗುಳಿ ಎಸೀತೀಯಾ ಇಲ್ವಾ?"

ಸುಪ್ರಿಯಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಗಲೇ ಹೇಳಿಬಿಡಬಹುದಿತ್ತು. ಆದರೆ ಅತ್ತೆಯ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಭುಜದ ಮೇಲಿಂದ ಮುಂದಕ್ಕೆ ಬಿದ್ದಿದ್ದ ಜಡೆಯ ಮೇಲಿತ್ತು.

"ಉಗುಳೇ ಎಸೀತೀನಲ್ಲ ಅತ್ತೆ" ಅಂದಳು.

"ಹಾಗಾದ್ರೆ ಜಾಲರಿಯಿಂದ ಎತ್ತಿಟ್ಟಿದ್ದಾಳೆ. ಬಚ್ಚಲು ತೊಳೆಯೋಳು ಯಾರು? ಹೋದ ತಿಂಗಳು ಅಟ್ಟ ಹತ್ತಿ ಧೂಳು ಹೊಡೆದೋಳು ಯಾರು?"

ರೇವತಿ. ಎಂಟು ವರ್ಷದಿಂದ ಬಚ್ಚಲು, ಪಾತ್ರೆ, ಅಂಗಳ ಅವಳದು. ಅವಳ ಕಾಫಿ ಲೋಟ ಹಿತ್ತಲ ಕಿಟಕಿಯಲ್ಲಿ ಬೋರಲಾಗಿರುತ್ತದೆ, ಒಳಗಿನ ಲೋಟಗಳ ಜೊತೆ ಸೇರುವುದಿಲ್ಲ. ಅವಳ ತಾಯಿ ಸಿದ್ದಮ್ಮ ಎಸ್ಟೇಟ್ ಲೈನಿನ ಕೂಲಿಮನೆಯಲ್ಲಿರುವ ಮುದುಕಿ, ಬೆಚ್ಚಿಬಿದ್ದ ಮಕ್ಕಳಿಗೆ ಕೆಂಪು ದಾರ ಮಂತ್ರಿಸಿ ಕಟ್ಟುವವಳು. ಕೃತಿಕಾ ಚಿಕ್ಕವಳಿದ್ದಾಗ ಜ್ವರದಲ್ಲಿ ಕನವರಿಸಿದರೆ ಇದೇ ಗಿರಿಜಾಂಬಾ ಜೀಪು ಕಳಿಸಿ ಅವಳನ್ನು ಕರೆಸಿದ್ದರು. ಈಗ ಅದೇ ದಾರ ಸಾಕ್ಷಿಯಾಯಿತು.

"ಕೆಲಸ ಬಿಡಿಸಿ, ಮುಗೀತು" ಅಂದ ಪ್ರಸನ್ನಕುಮಾರ, ಮೊಬೈಲಿನಲ್ಲಿ ಕಾಫಿ ರೇಟು ನೋಡುತ್ತ.

"ಬಿಡಿಸಿದ್ರೆ ಮಾಟ ಬಿಡುತ್ತೇನೋ? ಸೋಮವಾರ ಹತ್ತು ಗಂಟೆಗೆ ಮಠದ ಅಯ್ನೋರು ಬರಲಿ. ಅವರೆದುರು ಅಂಗೈಯಲ್ಲಿ ಕರ್ಪೂರ ಆರಿಸಿ ಪ್ರಮಾಣ ಮಾಡಲಿ ಅವಳು. ಅಲ್ಲೀತನಕ ಈ ಡಬ್ಬ ಯಾರೂ ಮುಟ್ಟಕೂಡದು." ನಡುಮನೆಯ ಮೂಲೆಯಲ್ಲಿ ಡಬ್ಬದ ಮೇಲೆ ಮೊರ ಬೋರಲು ಹಾಕಿದರು.

ಆಮೇಲಿನ ಮೂರು ದಿನ ಸುಪ್ರಿಯಾಳಿಗೆ ಮನೆಯಲ್ಲಿ ಯಾರ ಮಾತೂ ಬರೀ ಮಾತಾಗಿ ಕೇಳಿಸಲಿಲ್ಲ. ಸೋಮವಾರದವರೆಗೆ ಬರಬೇಡ ಅಂತ ರೇವತಿಗೆ ಹೇಳಿಕಳಿಸಿದ್ದರಿಂದ ಬಚ್ಚಲು, ಪಾತ್ರೆ, ಅಂಗಳವೂ ಅವಳ ಪಾಲಿಗೇ ಬಂದಿತ್ತು. ಅತ್ತೆ ಹಪ್ಪಳದ ಡಬ್ಬ ಕೇಳದೆ ತಾವೇ ಯಾಕೆ ಸ್ಟೂಲು ಹತ್ತಿದರು? ಮಂಡಿನೋವಿನವರು, ಐದು ವರ್ಷದಿಂದ ಹತ್ತದವರು? ರೇವತಿ ಯುಗಾದಿಗೆ ಮೂರು ದಿನ ರಜೆ ಕೇಳಿದ್ದಕ್ಕೆ ಅವರಿಗೆ ಸಿಟ್ಟಿತ್ತು. ಅಥವಾ ಗುರಿ ರೇವತಿ ಅಲ್ಲವೇನೋ. ಎಲ್ಲ ಗೊತ್ತಿದ್ದೂ, ಸೊಸೆಯ ಬಾಯಿಂದಲೇ ಬರಲಿ ಅಂತ ಕಾಯುತ್ತಿದ್ದಾರೇನೋ. ಕೃತಿಕಾ ರೊಟ್ಟಿ ಮುರಿಯುತ್ತ, "ಅಮ್ಮ, ನಿನ್ನ ಜಡೆ ಮೇಲೊಂದು ಬಣ್ಣ ಕೆಳಗೊಂದು ಬಣ್ಣ ಕಾಣುತ್ತಲ್ಲ?" ಅಂದಳು. "ಡೈ ಸರಿಯಾಗಿ ಹತ್ತಿಲ್ಲ" ಅಂದಳು ಸುಪ್ರಿಯಾ. ಮಗಳು ಅಷ್ಟಕ್ಕೇ ಸುಮ್ಮನಾದದ್ದೂ ಅನುಮಾನವೇ.

ಶನಿವಾರ ಗಿರಿಜಾಂಬಾ ಎಣ್ಣೆ ಬಟ್ಟಲು ಹಿಡಿದು ಮಣೆ ಹಾಕಿ ಕೂತರು. "ಬಾ, ತಲೆಗೆ ಎಣ್ಣೆ ಹಚ್ಚಿ ದೃಷ್ಟಿ ತೆಗೀತೀನಿ. ನಿನ್ನ ಕೂದಲ ಮೇಲೆ ತಾನೆ ಮಾಡಿರೋದು."

ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹಚ್ಚಿದವರಲ್ಲ.

"ಬೇಡ ಅತ್ತೆ, ನೆಗಡಿ ಆಗಿದೆ."

"ನೆಗಡಿ ಮೂಗಿಗಾ, ಜಡೆಗಾ?"

"ತಲೆಯೆಲ್ಲ ಭಾರ."

"ಭಾರ ಇರಲೇಬೇಕಲ್ಲ, ಅಷ್ಟು ಕೂದಲಿಗೆ" ಎಂದು ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದರು. ಆ ಮಾತಿನಲ್ಲಿ ಏನಿತ್ತು ಅಂತ ಸುಪ್ರಿಯಾ ಪಾತ್ರೆ ತೊಳೆಯುವಾಗಲೂ ಹುಡುಕಿದಳು, ಅಕ್ಕಿ ಆರಿಸುವಾಗಲೂ ಹುಡುಕಿದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದ ಹೊತ್ತಿಗೆ ರೇವತಿ ಹಿತ್ತಲಿಗೆ ಬಂದಳು, ಬಿಟ್ಟು ಹೋಗಿದ್ದ ಛತ್ರಿಗೆ. ಸುಪ್ರಿಯಾ ಅದನ್ನು ತಂದು ಕೈಗಿಟ್ಟ ಮೇಲೂ ನಿಂತೇ ಇದ್ದಳು.

"ಅಕ್ಕಾ, ಜಾಲರಿ ತೆಗೆಯೋಳು ನಾನು. ಏಳು ವರ್ಷದ ಹಿಂದೆ ದಿನಾ ಒಂದು ಮುಷ್ಟಿ ಬರ್ತಿತ್ತು. ಈಗ ಒಂದೆಳೆ ಬರಲ್ಲ. ಉದುರೋದು ನಿಂತಿದ್ರೆ ತಲೆ ತುಂಬಬೇಕಿತ್ತು. ನೀವು ಬಗ್ಗಿ ರಂಗೋಲಿ ಹಾಕುವಾಗ ನೆತ್ತಿ ಕಾಣುತ್ತೆ ನಂಗೆ."

ಸುಪ್ರಿಯಾಳ ಕೈ ತಾನಾಗಿ ನೆತ್ತಿಗೆ ಹೋಯಿತು. "ಯಾರಿಗೆ ಹೇಳಿದ್ದೀಯ?"

"ಯಾರಿಗೆ ಹೇಳಲಿ? ಹೇಳಿದ್ರೆ ನಂಬೋರು ಯಾರು? ಮಾಟ ಮಾಡಿದೋಳು ಈಗ ಅಕ್ಕೋರ ಜಡೆಗೇ ಕೈ ಹಾಕಿದ್ಲು ಅಂತಾರೆ."

"ಹೆದರಿಸ್ತಿದ್ದೀಯೇನೇ?"

ರೇವತಿ ನಕ್ಕಳು, ಸಂತೋಷದ ನಗುವಲ್ಲ. "ಹೆದರಿಸೋಕೆ ನನ್ನ ಹತ್ರ ಏನಿದೆ ಅಕ್ಕಾ? ನಾಳೆ ಬರ್ತೀನಿ, ಕರ್ಪೂರ ಆರಿಸ್ತೀನಿ. ಅಂಗೈ ಸುಟ್ಟರೆ ವಾರಕ್ಕೆ ಮಾಯುತ್ತೆ. ಆದ್ರೆ ನಿನ್ನೆ ಲೈನಲ್ಲಿ ಒಂದು ಮಗು ಬೆಚ್ಚಿಬಿದ್ದು ಅಳ್ತಿತ್ತು. ಅದರ ತಾಯಿ ನಮ್ಮವ್ವನ ಬಾಗಿಲು ದಾಟಿಕೊಂಡು ಮುಂದೆ ಹೋದ್ಲು. ಅವ್ವ ದಾರ ಕೈಯಲ್ಲಿ ಹಿಡ್ಕೊಂಡು ಕೂತೇ ಇದ್ಲು."

ಅಷ್ಟು ಹೇಳಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಸುಪ್ರಿಯಾಳಿಗೆ ಆಗಲೂ ಅನುಮಾನ ಬಿಡಲಿಲ್ಲ: ಇವಳು ಬೇಕೆಂದೇ ಮುದುಕಿಯ ಕತೆ ಕಟ್ಟಿ ತನ್ನ ಕರುಳು ಹಿಂಡುತ್ತಿದ್ದಾಳೆಯೇ? ಹಾಗೆ ಅಂದುಕೊಂಡ ಮರುಕ್ಷಣ ತನ್ನ ಮೇಲೇ ಹೇಸಿಗೆಯಾಯಿತು. ಸುಳ್ಳು ಹೇಳಿದವಳು ತಾನು, ಸುಳ್ಳು ಹುಡುಕುತ್ತಿರುವುದು ಅವಳ ಮುಖದಲ್ಲಿ.

ಸೋಮವಾರ ನಾಲ್ಕೂವರೆಗೆ ಎದ್ದಳು. ಬಚ್ಚಲ ಚಿಲಕ ಹಾಕಿ, ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದ ಚೌರಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಬಾಚಿದ್ದು ಅರ್ಧ ನಿಮಿಷ, ಬಾಚುವುದಕ್ಕೇನಿತ್ತು. ಮೂರು ಕಾಲು ಮಾಡಿ ಹೆಣೆದರೆ ಕಿರುಬೆರಳಷ್ಟು ದಪ್ಪ, ಕುತ್ತಿಗೆ ದಾಟಿ ಎರಡು ಗೇಣು. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿದಳು. ನೋಡುವುದಕ್ಕೆ ಏನೂ ಇರಲಿಲ್ಲ, ಹಾಗಾಗಿ ಮುಖಕ್ಕೇ ಬರಬೇಕಾಯಿತು. ನಲವತ್ತೆರಡು ವರ್ಷದ ಹೆಂಗಸು, ಅಗಲವಾದ ಹಣೆ, ತುಸು ಕಳಸದ ಅಪ್ಪನ ಹಾಗೆ. ಪರಿಚಯ ಸಾಲದು, ಆದರೆ ಕೆಟ್ಟ ಮುಖವೇನಲ್ಲ.

ಒಲೆಗೆ ಉರಿ ಹಾಕಿದಳು, ಅದರ ಬಾಯಿ ಕೆಂಪಗಾಯಿತು. ಡಬ್ಬವನ್ನು ತಂದು ಒಳಗೆ ಸುರಿದುಬಿಡಬಹುದು. ಸಾಕ್ಷಿಯೇ ಇಲ್ಲದಿದ್ದರೆ ಅಯ್ನೋರು ಏನನ್ನು ನೋಡಿಯಾರು? ಆದರೆ ಡಬ್ಬ ಮಾಯವಾದರೆ ಅದನ್ನೂ ರೇವತಿಯ ತಲೆಗೇ ಕಟ್ಟುತ್ತಾರೆ, ಕೂತಲ್ಲಿಂದಲೇ ಮಾಯ ಮಾಡಿದಳು ಅಂತ. ಹತ್ತು ಗಂಟೆಗೆ ಜಡೆ ಹಾಕಿಕೊಂಡು ನಿಂತು, ರೇವತಿ ಕರ್ಪೂರ ಆರಿಸುವುದನ್ನು ನೋಡಿ, "ಪಾಪ, ಬಿಟ್ಟುಬಿಡಿ ಅತ್ತೆ" ಅಂತ ದೊಡ್ಡ ಮನಸ್ಸು ಮಾಡಬಹುದು. ಮಂಡಿ ಮನೆ ಸೊಸೆ ಎಷ್ಟು ಒಳ್ಳೆಯವಳು ಅಂತ ಊರು ಆಡಿಕೊಳ್ಳುತ್ತದೆ. ಜಡೆಯ ಜೊತೆಗೆ ಅದೊಂದು.

ಹೇಳಿದರೆ ಏನಾಗುತ್ತದೆ ಅನ್ನುವುದೂ ಅವಳಿಗೆ ಗೊತ್ತಿತ್ತು. ಪ್ರಸನ್ನ ಬೈಯುವವನಲ್ಲ, ಮದುವೆಮನೆಗಳಲ್ಲಿ ಮಾತು ನಿಲ್ಲಿಸುತ್ತಾನೆ, ಅಷ್ಟೇ. ಅತ್ತೆ ನಗುತ್ತಾರೋ, ಅಳುತ್ತಾರೋ, ಏಳು ವರ್ಷ ಮೋಸ ಅನ್ನುತ್ತಾರೋ. ಬಸ್‌ಸ್ಟ್ಯಾಂಡಿನ ಹೂವಿನವಳು ಒಂದು ಮೊಳ ಸಾಕಾ ಅಂತ ಕೇಳಬಹುದು. ಇಷ್ಟೇ ತಾನೆ ಅಂದುಕೊಳ್ಳಲು ನೋಡಿದಳು. ಇಷ್ಟೇ ಆಗಿರಲಿಲ್ಲ.

ಚಿಲಕ ತೆಗೆದಳು. ನಡುಮನೆಗೆ ಬಂದು ಮೊರ ಎತ್ತಿ ಗೋಡೆಗೆ ಒರಗಿಸಿದಳು. ಮೂರು ದಿನದಿಂದ ಯಾರೂ ಮುಟ್ಟದ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಚೌರಿ ನೇತಾಡುತ್ತಿತ್ತು. ಗಿರಿಜಾಂಬಾ ಅವರ ಕೋಣೆಯಲ್ಲಿ ದೀಪ ಆಗಲೇ ಉರಿಯುತ್ತಿತ್ತು, ಒಳಗೆ ಮಂಚ ಕಿರುಗುಟ್ಟಿತು. ಎಚ್ಚರವಾಗಿ ಎಷ್ಟು ಹೊತ್ತಾಗಿದೆಯೋ, ಏನು ಕಾಯುತ್ತಿದ್ದಾರೋ. ಅದನ್ನು ಊಹಿಸುವುದನ್ನು ಬಿಟ್ಟು ಅವಳು ಬಾಗಿಲು ತಟ್ಟಿದಳು.