ಸತ್ವಾದ ಕೋಣೆಯಲ್ಲಿ ಕೊರಿಯಾದ ಸಾರು

ದುಬೈಗೆ ಬಂದು ನಾನು ಮಾಡಿದ ಮೊದಲ ಅಡುಗೆ ಸಮುದ್ರದ ಪಾಚಿಯದು. ನಮ್ಮ ಮಲ್ಪೆಯಲ್ಲಿ ಬಲೆಗೆ ಸಿಕ್ಕಿದರೆ ಬೈದುಕೊಂಡು ಬಿಡಿಸಿ ಎಸೆಯುವ ಪಾಚಿ, ಇಲ್ಲಿ ಒಣಗಿ ಪ್ಯಾಕೆಟ್ಟಿನೊಳಗೆ ಮರ್ಯಾದೆಯಿಂದ ಕುಳಿತಿತ್ತು. ಎರಡು ಹಿಡಿ ನೆನೆಹಾಕಿದೆ. ಉಬ್ಬಿ ಉಬ್ಬಿ ಪಾತ್ರೆಯಿಂದ ಹೊರಗೆ ಬಂತು. ಮಂಚದಲ್ಲಿ ಮಲಗಿದ್ದ ನನ್ನ ಗಂಡ ಲಾರೆನ್ಸ್ ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ಲಾರೆನ್ಸ್ ಹದಿನಾರು ವರ್ಷಗಳಿಂದ ಇಲ್ಲಿ ಕೊರಿಯಾದ ಇಂಜಿನಿಯರುಗಳ ಮೆಸ್ಸಿನಲ್ಲಿ ಅಡುಗೆಯವರು. ಗಂಟಲಿನ ಗಡ್ಡೆಗೆ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದ ಮೇಲೆ ಖಾರ, ಹುಳಿ ಏನೂ ಇಳಿಯುತ್ತಿರಲಿಲ್ಲ. ಅವರನ್ನು ನೋಡಿಕೊಳ್ಳಲು ಮಗಳು ರೆನಿಟಾಳ ಶಾಲೆ ಬಿಡಿಸಿ ಕರೆದುಕೊಂಡು ಬಂದೆ. ಅವಳಿಗೆ ಊದ್ ಮೇಥಾದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸೀಟು ಸಿಕ್ಕಿತು. ನನಗೆ ಸಿಕ್ಕಿದ್ದು ಸತ್ವಾ ಎಂಬ ಬಡಾವಣೆಯ ವಿಲ್ಲಾದಲ್ಲಿ ಒಂದು ಕೋಣೆ. ವಿಲ್ಲಾ ಎಂದರೆ ಬಂಗಲೆ ಎಂದುಕೊಂಡು ಊರಿನಲ್ಲಿ ಜಂಬ ಕೊಚ್ಚಿ ಬಂದಿದ್ದೆ. ಇಲ್ಲಿ ಐದು ಸಂಸಾರಗಳಿಗೆ ಒಂದೇ ಅಡುಗೆಮನೆ, ನಮ್ಮ ಸರದಿ ಹತ್ತರಿಂದ ಹನ್ನೊಂದು. ಉಳಿದ ಹೊತ್ತೆಲ್ಲ ಎ.ಸಿ.ಯ ಗೊರಗೊರ, ತೆರೆಯಲಾಗದ ಕಿಟಕಿ. ಊರಿನಲ್ಲಿ ಬೇಸರವಾದರೆ ಅಂಗಳಕ್ಕಿಳಿದು ನೆರೆಮನೆಯವರನ್ನು ಕೂಗುತ್ತಿದ್ದೆ. ಇಲ್ಲಿ ಹೊರಗೆ ಕಾಲಿಟ್ಟರೆ ಮುಖ ಸುಡುತ್ತದೆ. ಯಾವಾಗ ವಾಪಸು ಹೋಗುತ್ತೇನೋ ಎಂದು ದಿನವೂ ದೇವರನ್ನು ಪೀಡಿಸುತ್ತಿದ್ದೆ.

ಗಂಜಿ ಮಾಡುತ್ತೇನೆಂದರೆ ಲಾರೆನ್ಸ್ ಒಪ್ಪಲಿಲ್ಲ.

"ಗಂಜಿ ಬೇಡ ಮಾರಾಯ್ತಿ, ಜುಕ್ ಮಾಡು. ಕೆಲಸಕ್ಕೆ ಹೋಗುವವರೆಗೆ ನಾಲಗೆಗೆ ಅಭ್ಯಾಸ ತಪ್ಪಬಾರ್ದು."

ಜುಕ್ ಅಂದರೂ ಗಂಜಿಯೇ. ಅಕ್ಕಿಯನ್ನು ಎಳ್ಳೆಣ್ಣೆಯಲ್ಲಿ ಹುರಿದು ಬೇಯಿಸುತ್ತಾರೆ, ಅಷ್ಟೇ. ಮೆಣಸಿಲ್ಲ, ಒಗ್ಗರಣೆಯಿಲ್ಲ. ಅವರು ಮಂಚದಿಂದ ಹೇಳಿಕೊಟ್ಟರು, ನಾನು ಕಲಿತೆ. ಹಬೆಯಲ್ಲಿ ಬೇಯಿಸಿದ ಮೊಟ್ಟೆ, ಮೊಳಕೆಯ ಸಾರು, ಪಾಚಿಯ ಸಾರು ಒಂದೊಂದೇ ಕೈಗೆ ಹತ್ತಿದವು. ಒಂದು ಚಮಚ ಬಾಯಿಗಿಟ್ಟು "ಉಪ್ಪು ಸಮ ಉಂಟು" ಎಂದರೆ ನನಗೆ ದಿನವಿಡೀ ಹಿಗ್ಗು.

ಒಂದು ದಿನ ಪಕ್ಕದ ಕೋಣೆಯವಳು ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಖಲಾಸ್?" ಮುಗಿಯಿತಾ ಎಂದು ಕೇಳುವುದು ಇಲ್ಲಿ ಹಾಗೆ. "ಖಲಾಸ್, ಖಲಾಸ್" ಎನ್ನುತ್ತ ಗಡಿಬಿಡಿಯಲ್ಲಿ ಸಾರು ಇಳಿಸಿ ತಂದೆ. ಲಾರೆನ್ಸ್ ಕುಡಿದು, "ಉಪ್ಪು ಸಮ ಉಂಟು" ಎಂದರು. ಉಳಿದದ್ದನ್ನು ನಾನು ಬಾಯಿಗಿಟ್ಟೆ. ಉಪ್ಪು ಹಾಕಿಯೇ ಇರಲಿಲ್ಲ. ಮರುದಿನ ಬೇಕೆಂದೇ ಎರಡರಷ್ಟು ಹಾಕಿದೆ. ಅದೇ ಮಾತು, ಅದೇ ಮುಖ.

ರುಚಿ ತಿಳಿಯದ ಅಡುಗೆಯವನನ್ನು ಯಾವ ಮೆಸ್ಸು ಇಟ್ಟುಕೊಳ್ಳುತ್ತದೆ? ಕೆಲಸ ಹೋದರೆ ವೀಸಾ ಹೋಯಿತು. ನಡುವರ್ಷದಲ್ಲಿ ಮಗಳಿಗೆ ಮತ್ತೆ ಶಾಲೆ ಬಿಡಿಸಬೇಕು. ಆದರೂ ನಾಚಿಕೆ ಬಿಟ್ಟು ನಿಮಗೆ ಹೇಳುತ್ತೇನೆ, ಒಳಗೊಳಗೇ ನನಗೆ ಆಸೆಯೂ ಆಯಿತು. ಮೆಸ್ಸಿನವರ ಕಿವಿಗೆ ಒಂದು ಮಾತು ಹಾಕಿದರೆ ಸಾಕು, ನಾನು ಊರಿನಲ್ಲಿರುತ್ತಿದ್ದೆ.

ಕೆಲಸಕ್ಕೆ ಮರಳುವ ಹಿಂದಿನ ದಿನ ಅವರು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನಿಮಗೆ ರುಚಿ ಗೊತ್ತಾಗುದಿಲ್ಲ ಅಲ್ವಾ?"

ಇಸ್ತ್ರಿ ಹಾಕುವ ಕೈ ನಿಂತಿತು. "ರೆನಿಗೆ ಹೇಳ್ಬೇಡ" ಎಂದರು. ಆಮೇಲೆ ತಲೆ ಎತ್ತದೆ, "ನೀನು ಯಾವುದಕ್ಕೆ ಎಷ್ಟು ಚಮಚ ಉಪ್ಪು ಹಾಕ್ತೀ, ಬರೆದು ಕೊಡ್ತೀಯಾ?"

ಎಂಬತ್ತು ಜನರ ಅಡುಗೆಗೆ ಕಣ್ಣಳತೆಯಲ್ಲೇ ಉಪ್ಪು ಹಾಕುತ್ತಿದ್ದ ಮನುಷ್ಯ. ನನಗೆ ಅಳು ಬಂತು.

ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡೆ. ಮೂವರಿಗೆ ಹಾಕುತ್ತಿದ್ದುದನ್ನು ಎಂಬತ್ತು ಜನಕ್ಕೆ ಲೆಕ್ಕ ಹಾಕಿ, ಊರಿಗೆ ಹೋಗುವ ದಾರಿಯನ್ನು ನನ್ನ ಕೈಯಾರೆ ಮುಚ್ಚುತ್ತ, ಒಂದೊಂದೇ ಬರೆದೆ. ಎಲ್ಲಿಯೂ ತಪ್ಪಿರಬಾರದೆಂದು ಎರಡು ಸಲ ಓದಿ ನೋಡಿದೆ.