ನಾಯಿಗೆ ಮೀಸಲಾದ ಮಾತು

ಹೆಂಡತಿಯ ಅಕ್ಕನ ಕೋಳಿ ಫಾರಂನ ಗೇಟು ದಾಟಿದ್ದೆನಷ್ಟೆ, ಒಂದು ನಾಯಿಮರಿ ಹಿಂದಿನಿಂದ ಬಂದು ನನ್ನ ಪ್ಯಾಂಟಿಗೆ ಜೋತುಬಿತ್ತು. "ಬಿಡೋ" ಅಂದೆ. "ಬಿಡಪ್ಪಾ" ಅಂದೆ. ಪುಸ್ತಕ ಬರೆಯುವವನು ನಾಯಿಯ ಮುಂದೆಯೂ ಸಭ್ಯತೆ ಮರೆಯಬಾರದೆಂದು "ದಯವಿಟ್ಟು ಬಿಡಿ" ಎಂದೂ ಅಂದೆ. ಮರಿ ಇದನ್ನೆಲ್ಲ ಪ್ರೋತ್ಸಾಹವೆಂದು ತಿಳಿದು ಬಾಲ ಅಲ್ಲಾಡಿಸುತ್ತಾ ಇನ್ನಷ್ಟು ಎಳೆಯಿತು. ಪರ್ರ್ ಎಂಬ ಸದ್ದಾಯಿತು. ಮರಿಯದಲ್ಲ, ಪ್ಯಾಂಟಿನದು.

ಶೆಡ್ಡಿನ ಬಾಗಿಲಲ್ಲಿ ಮೊಟ್ಟೆಯ ಟ್ರೇ ಹಿಡಿದು ನಿಂತಿದ್ದ ಅಕ್ಕ ದನಿ ಏರಿಸದೆ ಒಂದೇ ಸಲ ಹೇಳಿದರು: "ಬಿಡು."

ಮರಿ ಬಾಯಿ ತೆರೆಯಿತು. ಮುಖ ಪಕ್ಕಕ್ಕೆ ತಿರುಗಿಸಿ, ಹೊಟ್ಟೆಯನ್ನು ನೆಲಕ್ಕೊತ್ತಿ ಮಲಗಿತು. ಮೊಟ್ಟೆ ಕೊಳ್ಳಲು ಬಂದಿದ್ದ ಹೆಂಗಸರು ನನ್ನ ಹಿಂಬದಿ ನೋಡಿ ತಾವೂ ಮುಖ ತಿರುಗಿಸಿದರು. ಅವರಿಗೆ ಯಾರೂ ಹೇಳಿರಲಿಲ್ಲ.

"ಬರಹಗಾರ್ರೇ, ಒಂದೇ ಮಾತನ್ನ ಅಷ್ಟು ಸಲ ಹೇಳಿದ್ರೆ ಅದು ಸತ್ತುಹೋಗತ್ತೆ," ಅಂದರು ಅಕ್ಕ. "ನಿಮ್ಮ ಪುಸ್ತಕಕ್ಕೂ ಅದೇ ಕಾಯಿಲೆ."

ಬೆನ್ನ ಹಿಂದೆ ಜನ ಅವರನ್ನು ಬಿಡದಮ್ಮ ಅನ್ನುತ್ತಾರೆ. ಮೊಟ್ಟೆಯ ಜೊತೆಗೆ ಅವರದು ಇನ್ನೊಂದು ಕಸುಬು: ಕೋಳಿ ಸಾಕುವವರಿಗಾಗಿ ಕಾವಲು ಮರಿಗಳನ್ನು ಪಳಗಿಸಿ ಮಾರುವುದು. ನರಿಯನ್ನು ಅಟ್ಟುವ ನಾಯಿ ಕೋಳಿಯನ್ನೂ ಅಟ್ಟಿದರೆ, ಊಟ ಹಾಕಿ ನರಿಯನ್ನೇ ಸಾಕಿದ ಹಾಗೆ. ಹಾಲು ಬಿಡಿಸಿದ ಮರಿಯನ್ನು ಮೊದಲು ಜಾಲರಿಯ ಈಚೆ ಕೂಡಿಹಾಕಿ, ಕೋಳಿಯ ವಾಸನೆಯೂ ಗಲಾಟೆಯೂ ಅದಕ್ಕೆ ಬೇಸರವಾಗುವಂತೆ ಮಾಡುತ್ತಾರೆ. ಆಮೇಲೆ ಮರಿಯ ಹಗ್ಗವನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡು ಹಿಂಡಿನ ನಡುವೆ ಸುತ್ತುತ್ತಾರೆ. ಮರಿ ಕೋಳಿಯನ್ನು ದಿಟ್ಟಿಸಿದರೆ "ಬಿಡು"; ನೋಟ ತಿರುಗಿಸಿದರೆ ಜೇಬಿನಿಂದ ಬೇಯಿಸಿದ ಲಿವರಿನ ಚೂರು. ಏಟಿಲ್ಲ, ಬೈಗುಳವಿಲ್ಲ.

"ಅದಕ್ಕೆ ಕೋಳಿ ಮೇಲೆ ದ್ವೇಷ ಇಲ್ಲ, ಓಡೋದರ ಮೇಲೆ ಆಸೆ," ಅನ್ನುತ್ತಾರೆ. ಅಷ್ಟು ಸಹನೆಯನ್ನು ಅವರು ಮನುಷ್ಯರಿಗೆ ತೋರಿಸಿದ್ದನ್ನು ನಾನು ಕಂಡಿಲ್ಲ.

ಮಾತು ಸವೆಯಬಾರದೆಂದು ಆ ಅಂಗಳದಲ್ಲಿ ಮನುಷ್ಯರು ಪರಸ್ಪರ "ಬಿಡು" ಅನ್ನುವಂತಿಲ್ಲ. ಸಂಸಾರ ನಡೆಸಿದವರಿಗೆ ಇದರ ಕಷ್ಟ ತಿಳಿದೀತು. ನಮ್ಮ ಮನೆಯ ಜಗಳಗಳೆಲ್ಲ "ಹೋಗ್ಲಿ ಬಿಡು" ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಅಕ್ಕನ ಮನೆಯಲ್ಲಿ ಆ ನಿಲ್ದಾಣವೇ ಇಲ್ಲ. ನನ್ನ ಷಡ್ಡಕ, ಅಂದರೆ ಅಕ್ಕನ ಗಂಡ, ಮದುವೆಯ ಹೊಸತರಲ್ಲಿ ಒಡೆದ ಒಂದು ಪಿಂಗಾಣಿ ಜಾಡಿ ಇವತ್ತಿಗೂ ದಿನಾ ಒಡೆಯುತ್ತಿದೆ. "ಇರಲಿ" ಅನ್ನಬಹುದಲ್ಲ ಎಂದು ಒಮ್ಮೆ ಸೂಚಿಸಿದ್ದೆ. "ಇರಲಿ ಅಂದ್ರೆ ಇದ್ದೇ ಇರತ್ತೆ," ಅಂದಿದ್ದರು ಅಕ್ಕ.

ನನ್ನ ಪ್ಯಾಂಟು ಹರಿದ ಮರಿ ಷಡ್ಡಕನ ಮುದ್ದು. ಅವರು ಟ್ರೇ ಜೋಡಿಸುವಾಗ ಅದು ಅವರ ಪಾದದ ಮೇಲೆಯೇ ಮಲಗಬೇಕು. "ಇದೊಂದನ್ನ ಮಾರಬೇಡ ಕಣೇ" ಎಂದು ಅವರು, "ನೋಡೋಣ" ಎಂದು ಅಕ್ಕ.

ಮರುದಿನ ಬೆಳಿಗ್ಗೆ ಷಡ್ಡಕನ ಪ್ಯಾಂಟು ತೊಟ್ಟು ಅಂಗಳದಲ್ಲಿ ನಿಂತಿದ್ದೆ. ಅವರ ಸೊಂಟ ನನ್ನದರ ಎರಡರಷ್ಟು. ಕೋಳಿಗಳಿಗೆ ಚುಚ್ಚುಮದ್ದು ಹಾಕಲು ಡಾಕ್ಟರೂ ಬಂದಿದ್ದರು. ಆಗ ಮರಿ ಶೆಡ್ಡಿನ ಹಿಂದಿನಿಂದ ಬಾಯಲ್ಲಿ ಬಿಳಿ ಹೇಂಟೆ ಕಚ್ಚಿಕೊಂಡು ಬಂತು. ಅದನ್ನು ಷಡ್ಡಕನ ಕಾಲ ಬಳಿ ಇಟ್ಟು, ಯಾರೂ ಹೇಳದೆಯೇ ಮುಖ ತಿರುಗಿಸಿ ಮಲಗಿತು.

ಷಡ್ಡಕ ಹೇಂಟೆಯನ್ನು ಎತ್ತಿದರು. "ಸೆಟೆದುಹೋಗಿದೆ ಕಣೇ. ರಾತ್ರಿನೇ ಸತ್ತಿದೆ. ಇದು ಬರೀ ಹೊತ್ಕೊಂಡು ಬಂದಿದೆ."

ಅಕ್ಕ ಪುಕ್ಕದೊಳಗೆ ಉಫ್ ಎಂದು ಊದಿ, ಚರ್ಮ ನೋಡಿದರು. "ಹೌದು. ಹಲ್ಲಿನ ಗುರುತಿಲ್ಲ."

"ಮತ್ತೆ?"

"ಬಾಯಿಗೆ ಹಾಕ್ತಲ್ಲ. ಇವತ್ತು ಸತ್ತಿದ್ದು, ನಾಳೆ ಬದುಕಿರೋದು. ಡಾಕ್ಟ್ರು ಇಲ್ಲೇ ಇದ್ದಾರೆ, ಇದಕ್ಕೆ ಕೊನೇ ಸೂಜಿ ಹಾಕಿಸ್ತೀನಿ. ಹಿಂದೆ ನೀವು ಅತ್ತಿದ್ದಕ್ಕೆ ಇಂಥದೊಂದನ್ನ ಉಳಿಸಿದೆ. ಏನಾಯ್ತು?"

ಏನಾಯಿತೆಂದು ನಮಗೆಲ್ಲ ಗೊತ್ತಿತ್ತು. ಆ ನಾಯಿಯನ್ನು ಕೊಂಡವನು ಸತ್ತ ಕೋಳಿಗಳನ್ನು ಮೂಟೆ ಮೂಟೆ ತಂದು ಇದೇ ಹೊಸಿಲ ಮೇಲೆ ಸುರಿದು ಹೋಗಿದ್ದ. ಆಮೇಲೆ ಬಹಳ ಕಾಲ ಮರಿ ಕೇಳಲು ಯಾರೂ ಗೇಟು ತೆರೆದಿರಲಿಲ್ಲ.

"ನಾನು ತಗೊಂಡು ಹೋಗ್ತೀನಿ ಅಕ್ಕಾ," ಅಂದೆ.

"ನಿಮ್ಮ ಪಕ್ಕದ ಮನೇಲಿ ಕೋಳಿ ಇದೆ. ನಾಳೆ ಜನ ನಿಮ್ಮ ಹೆಸರು ಹೇಳಲ್ಲ, ಬಿಡದಮ್ಮನ ಮರಿ ಅಂತಾರೆ." ಬೆನ್ನ ಹಿಂದಿನ ಹೆಸರು ಅವರಿಗೆ ಗೊತ್ತಿತ್ತು.

ಮೊಟ್ಟೆ ವಿಂಗಡಿಸುವ ಮೇಜಿನ ಮೇಲೆ ಮರಿಯನ್ನು ತಾವೇ ಎತ್ತಿ ಇಟ್ಟರು. ಸಿರಿಂಜಿನ ವಾಸನೆಗೆ ಅದು ಮೀನಿನಂತೆ ಒದ್ದಾಡಿತು. "ನರ ಸಿಗ್ತಿಲ್ಲ," ಅಂದರು ಡಾಕ್ಟರು. "ಹೀಗೆ ಕುಣಿದ್ರೆ ಇವತ್ತು ಆಗಲ್ಲಮ್ಮ. ಇನ್ನೊಂದು ದಿನ ನೋಡೋಣ."

ಷಡ್ಡಕ ಹೆಂಡತಿಯ ತೋಳು ಹಿಡಿದು ಜಗ್ಗಿದರು. "ಬಿಡೇ! ನಿನ್ನ ಕಾಲಿಗೆ ಬೀಳ್ತೀನಿ, ಬಿಡೇ!" ನಾನೂ ಒಂದು ಕೈ ಕೊಡಬಹುದಿತ್ತು, ನನ್ನ ಎರಡೂ ಕೈ ಪ್ಯಾಂಟು ಹಿಡಿದುಕೊಂಡಿದ್ದವು. ಅಕ್ಕ ಅಲುಗಲಿಲ್ಲ. ಷಡ್ಡಕನ ದನಿ ಒಡೆಯಿತು. "ಬಿಡು! ಬಿಡು ಅಂದೆ, ಬಿಡು!"

ಮರಿ ಒದ್ದಾಟ ನಿಲ್ಲಿಸಿತು. ಮುಖ ಪಕ್ಕಕ್ಕೆ ತಿರುಗಿಸಿತು. ಹೊಟ್ಟೆಯನ್ನು ಮೇಜಿಗೊತ್ತಿ, ಗದ್ದವನ್ನು ಮುಂಗಾಲ ಮೇಲಿಟ್ಟು ಮಲಗಿತು. ಡಾಕ್ಟರಿಗೆ ನರ ಸಿಕ್ಕಿತು.

ಅಕ್ಕ ಜೇಬಿನಿಂದ ಲಿವರಿನ ಚೂರು ತೆಗೆದು ಅದರ ಬಾಯಿಗಿಟ್ಟರು. ಮಾತು ಕೇಳಿದ ಮೇಲೆ ಕೊಡಲೇಬೇಕು, ಅದು ಅವರ ನಿಯಮ. ಚೂರು ಒಳಗೆ ಹೋಗಲಿಲ್ಲ, ತುಟಿಯ ಅಂಚಿನಲ್ಲೇ ಉಳಿಯಿತು.

"ಎಷ್ಟು ಚೆನ್ನಾಗಿ ಕಲಿತಿತ್ತು ನೋಡಿ," ಅಂದರು ಗಂಡನಿಗೆ.

ಮತ್ತೆ ಆ ಕಡೆ ಹೋದಾಗ ಜಾಲರಿಯ ಹಿಂದೆ ಹೊಸ ಮರಿಗಳಿದ್ದವು. ಷಡ್ಡಕ ಅದೇ ಮೇಜಿನ ಮುಂದೆ ಕೂತು ಮೊಟ್ಟೆ ವಿಂಗಡಿಸುತ್ತಿದ್ದರು. "ಹೇಗಿದ್ದೀರಿ ಭಾವಾ?" ಅಂದೆ. ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಟ್ರೇಯಲ್ಲಿಟ್ಟರು. ಅಕ್ಕ ಏನೋ ಕೇಳಿದರು. ಷಡ್ಡಕ ಇನ್ನೊಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದರು. ಜಾಡಿಯ ಸುದ್ದಿಯೂ ಬರಲಿಲ್ಲ. ಜಗಳಕ್ಕೂ ಇಬ್ಬರು ಬೇಕಲ್ಲ.

ಕೊನೆಗೆ ನಾನೇ ಕೇಳಿದೆ: "ಅಕ್ಕಾ, ಅವತ್ತು ಭಾವ ಆ ಮಾತನ್ನ ಅಷ್ಟು ಸಲ ಕೂಗಿದ್ರಲ್ಲ. ಅದು ಸತ್ತುಹೋಗಿರಬೇಕಲ್ವಾ? ಈ ಮರಿಗಳಿಗೆ ಬೇರೆ ಮಾತು ಕಲಿಸ್ತೀರಾ?"

ಅಕ್ಕ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಾ ಅಂದರು: "ಯಾಕೆ? ಅದೇ ಸಾಕು. ಅವರು ಮಾತು ಬಿಟ್ಟಿದಾರಲ್ಲ."