ಕನ್ನಡದ ಎಂಟು, ಇಂಗ್ಲಿಷಿನ ಎಂಟು

ಆ ಭಾನುವಾರ ನಾವು ಜಗಳವಾಡಿದ್ದು ಒಂದು ಸೋರೆಕಾಯಿಯ ವಿಷಯಕ್ಕೆ. ಟಿ. ದಾಸರಹಳ್ಳಿಯ ಮಾರ್ಕೆಟ್ಟಿನಲ್ಲಿ ನಾನು ಎಳೆಯದು ನೋಡಿ ಆರಿಸಿದ್ದನ್ನು ನಮ್ಮ ಯಜಮಾನರು ಉಗುರಿನಿಂದ ಗೀರಿ, ‘ಬಲ್ತಿದೆ ಕಣೆ’ ಎಂದರು. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೆಷಿನ್ ನಡೆಸಿದವರು. ಕಬ್ಬಿಣದ ವಿಷಯವಾಗಿದ್ದರೆ ಒಪ್ಪುತ್ತಿದ್ದೆ, ಸೋರೆಕಾಯಿಯ ವಿಷಯದಲ್ಲಿ ಹೇಗೆ ಒಪ್ಪಲಿ? ಮುಖ ಊದಿಸಿಕೊಂಡು ಸ್ಕೂಟರಿನ ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕುಳಿತೆ. ಮೆಟ್ರೋ ಕಂಬಗಳ ಕೆಳಗೆ ಬರುವಾಗ, ಮದುವೆಯಾದಾಗಿನಿಂದ ಕೇಳುತ್ತಿದ್ದುದನ್ನು ಸಿಟ್ಟಿನಲ್ಲೇ ಇನ್ನೊಮ್ಮೆ ಕೇಳಿದೆ.

‘ನಂಗೆ ಗಾಡಿ ಕಲಿಸ್ತೀರೋ ಇಲ್ವೋ?’

‘ಮುಂದಿನ್ ವಾರ ಮಾಕಳಿ ಕಡೆ ಹೋಗೋಣ. ಅಲ್ಲಿ ಲೇಔಟು ಖಾಲಿ ಬಿದ್ದಿದೆ. ನೀನು ಗುದ್ದೋಣ ಅಂದ್ರೂ ಯಾರೂ ಸಿಗಲ್ಲ.’

ಮಂಗಳವಾರ ಬೆಳಿಗ್ಗೆ ಅವರು ಮೆಷಿನ್ ಪಕ್ಕದಲ್ಲೇ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಹಾಗಾಗಿ ಆ ಭಾನುವಾರವೇ ನಮ್ಮ ಕೊನೆಯ ಮಾಮೂಲಿ ದಿನ. ಸೋರೆಕಾಯಿ ಎಳೆಯದೇ ಇತ್ತು.

ಗಾಡಿ ಓಡಿಸುವ ಆಸೆ ನನಗೆ ಹತ್ತನೆಯ ವಯಸ್ಸಿನಲ್ಲಿ ಹತ್ತಿದ್ದು. ನಮ್ಮ ಹಳ್ಳಿಗೆ ಒಬ್ಬ ನರ್ಸಮ್ಮ ಮೊಪೆಡ್ ಮೇಲೆ ಬರುತ್ತಿದ್ದರು. ಕೋಳಿಗಳು ಚದುರುತ್ತಿದ್ದವು, ಜಗಲಿಯ ಗಂಡಸರು ಕಾಲು ಮಡಚಿಕೊಳ್ಳುತ್ತಿದ್ದರು. ನನಗೆ ನರ್ಸಾಗುವ ಆಸೆಯೇನೂ ಇರಲಿಲ್ಲ; ಸೂಜಿ ಕಂಡರೆ ಈಗಲೂ ಕಣ್ಣು ಮುಚ್ಚುತ್ತೇನೆ. ಯಾರನ್ನೂ ಕೇಳದೆ ಬಂದು, ಕೆಲಸ ಮುಗಿಸಿ, ಸೀರೆಯ ಧೂಳು ಕೊಡವಿ ಹೊರಟುಬಿಡುತ್ತಿದ್ದರಲ್ಲ, ಅದು ಬೇಕಿತ್ತು. ಕೆಲವು ಆಸೆಗಳು ಅಟ್ಟದ ಮೇಲಿನ ಪಾತ್ರೆಯ ಹಾಗೆ. ಬಳಸುವುದಿಲ್ಲ, ಆದರೆ ಯಾರಾದರೂ ಕೇಳಿದರೆ ಕೊಡುವುದೂ ಇಲ್ಲ.

ಅವರು ಹೋಗಿ ಐದು ತಿಂಗಳಾದ ಮೇಲೆ, ಐವತ್ತೆಂಟನೆಯ ವಯಸ್ಸಿನಲ್ಲಿ, ನಾನು ಎಲ್‌ಎಲ್‌ಆರ್ ಮಾಡಿಸಿದೆ. ಕಲಿಯುವವರಿಗೆ ಕೊಡುವ ಆರು ತಿಂಗಳ ಪರವಾನಗಿ ಅದು. ಸರ್ಜಾಪುರದಲ್ಲಿರುವ ಮಗಳಿಗೆ ಗೊತ್ತಾದಾಗ ಫೋನಿನಲ್ಲಿ ಅತ್ತಳು. ‘ಅಪ್ಪನ್ನ ಕಳ್ಕೊಂಡಿದ್ದು ಸಾಲ್ದಾ ಅಮ್ಮಾ? ನಿಂಗೇನಾದ್ರೂ ಆದ್ರೆ ನಾನ್ ಯಾರ ಹತ್ರ ಹೋಗ್ಲಿ? ಆ ಗಾಡಿ ಮಾರ್ಬಿಡು.’ ಅವಳ ಮಾತು ತಪ್ಪೆಂದು ಹೇಗೆ ಹೇಳುವುದು? ಆರು ತಿಂಗಳಲ್ಲಿ ಪಾಸಾಗದಿದ್ದರೆ ಅವರ ಸ್ಕೂಟರನ್ನು ಮಾರುತ್ತೇನೆಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನಿದ್ದೆ ಹೋಯಿತು. ಅವರ ಬಟ್ಟೆಗಳನ್ನು ಕೊಟ್ಟಾಗಿತ್ತು. ಉಳಿದಿದ್ದು ಅದೊಂದೇ.

ಕಲಿಸಿದವಳು ನಮ್ಮ ಪಕ್ಕದ ರೂಮಿನ ಬಾಡಿಗೆಯ ಮಲ್ಲಮ್ಮ. ಯಾದಗಿರಿ ಕಡೆಯವಳು, ಗಾರ್ಮೆಂಟ್ಸ್ ಕೆಲಸ, ಮೂವತ್ತರ ಆಸುಪಾಸು. ಸ್ವಂತ ಗಾಡಿ ಇಟ್ಟುಕೊಂಡವಳು. ನೇರ ಓಡಿಸುವುದನ್ನು ಕಲಿಸಿ, ‘ಟೆಸ್ಟಿನ್ಯಾಗ ಎಂಟು ಹಾಕ್ಬೇಕ್ರಿ ಯಕ್ಕಾ, ಕಾಲು ನೆಲಕ್ಕ ಹತ್ತಬಾರ್ದು’ ಎಂದು ಹೇಳಿ, ಊರಿಗೆ ಹೋದವಳು ಒಂದು ವಾರ ಬರಲಿಲ್ಲ.

ಇಲ್ಲಿ ನನ್ನ ಜಾಣತನ ಕೇಳಿ. ನಾನು ಓದಿದ್ದು ಏಳನೆಯ ತರಗತಿ, ಕನ್ನಡ ಶಾಲೆಯಲ್ಲಿ. ಸಾಮಾನಿನ ಚೀಟಿಯಲ್ಲಿ ಇವತ್ತಿಗೂ ಕನ್ನಡ ಅಂಕಿಯನ್ನೇ ಬರೆಯುವವಳು. ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ರಂಗೋಲಿ ಪುಡಿಯಿಂದ ದೊಡ್ಡದಾಗಿ ‘೮’ ಎಂದು ಬರೆದೆ. ಬೆಳಿಗ್ಗೆ ಸಂಜೆ ಅದರ ಮೇಲೆ ಗಾಡಿ ಓಡಿಸಿದೆ. ಎಷ್ಟು ಸಲೀಸು! ಈ ತುದಿಯಲ್ಲಿ ಶುರು, ಆ ತುದಿಯಲ್ಲಿ ಮುಗಿತಾಯ. ಇಷ್ಟಕ್ಕೆ ಜನ ಯಾಕೆ ಹೆದರುತ್ತಾರೋ ಎಂದುಕೊಂಡೆ. ಟೆಸ್ಟಿನ ದಿನ ನೆಲದ ಮೇಲಿದ್ದ ಎಂಟು ಬೇರೆಯೇ ಆಗಿತ್ತು: ಒಂದರ ಮೇಲೊಂದು ಕೂಡಿಸಿಟ್ಟ ಎರಡು ಬಳೆ. ‘ಸಾರ್, ಇದ್ರ ಕೊನೆ ಎಲ್ಲಿ?’ ಎಂದು ಇನ್‌ಸ್ಪೆಕ್ಟರನ್ನು ಕೇಳಿದೆ. ಸಾಲಿಗೆ ಸಾಲೇ ನಕ್ಕಿತು. ಎಡಗಡೆಯ ಸುತ್ತಿನಲ್ಲಿ ನೆಲಕ್ಕೆ ಕಾಲು ಕೊಟ್ಟೆ, ಫೇಲಾದೆ.

ಮಲ್ಲಮ್ಮ ಬಂದವಳು ನನ್ನ ರಂಗೋಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಯಕ್ಕಾ, ಸರ್ಕಾರಕ್ಕ ಕನ್ನಡ ಕಲಿಸಾಕ ಹೋಗಿದ್ರೇನ್ರಿ?’ ಸರಿಯಾದ ಎಂಟು ಬರೆದುಕೊಟ್ಟಳು. ಎರಡು ವಾರ ಬಿಟ್ಟು ಮತ್ತೆ ಹೋದೆ. ಮತ್ತೆ ಅದೇ ಎಡಗಡೆಯ ಸುತ್ತು, ಅದೇ ಜಾಗ, ಅದೇ ಕಾಲು. ಎಲ್‌ಎಲ್‌ಆರ್ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಇನ್ನು ಒಂದೇ ಅವಕಾಶ.

ಆ ಸಂಜೆ ಮಲ್ಲಮ್ಮ ನಗಲಿಲ್ಲ. ನನ್ನನ್ನು ಐದಾರು ಸಲ ಸುತ್ತಿಸಿ, ಕೈ ಎತ್ತಿ ನಿಲ್ಲಿಸಿದಳು.

‘ಯಕ್ಕಾ, ನೀವು ಗಾಡಿ ಹೊಡಿಯಾಕತ್ತಿಲ್ರಿ. ನೀವಿನ್ನಾ ಹಿಂದನ ಕುಂತೀರಿ.’

ಬಗ್ಗಿ ನೋಡಿಕೊಂಡೆ. ನಿಜ. ಮುಂದಿನ ಸೀಟಿನಲ್ಲಿ ಕುಳಿತಿದ್ದರೂ ನನ್ನ ಎರಡು ಮೊಣಕಾಲೂ ಒಟ್ಟಿಗೆ ಎಡಕ್ಕೆ ತಿರುಗಿದ್ದವು, ಮೈಭಾರವೆಲ್ಲ ಬಲ ಸೊಂಟದ ಮೇಲಿತ್ತು. ಮೂವತ್ತನಾಲ್ಕು ವರ್ಷ ಸೀರೆಯುಟ್ಟು ಒಂದೇ ಪಕ್ಕ ಕುಳಿತ ಮೈ ಅದು. ಎಡಕ್ಕೆ ವಾಲಬೇಕಾದಾಗ ವಾಲುವುದಿಲ್ಲ ಎಂದು ಹಟ ಹಿಡಿಯುತ್ತಿತ್ತು.

ಅದಕ್ಕೆ ಜೋಡಿಯಾದ ಇನ್ನೊಂದು ಮೈಯೂ ಇತ್ತು. ನನ್ನ ಕಾಲುಗಳ ಭಾರಕ್ಕೆ ಸರಿದೂಗಿಸಲು ಅವರು ಸ್ವಲ್ಪ ಬಲಕ್ಕೆ ವಾಲಿಕೊಂಡು ಓಡಿಸುತ್ತಿದ್ದರು. ಬರಬರುತ್ತಾ ಒಬ್ಬರೇ ಡ್ಯೂಟಿಗೆ ಹೋಗುವಾಗಲೂ ಹಾಗೇ ವಾಲಿಕೊಂಡು ಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ‘ನಿನ್ನಿಂದ ನನ್ನ ಸೆಂಟರ್ ಹೋಯ್ತು ಕಣೆ’ ಎನ್ನುತ್ತಿದ್ದರು. ಲೇತಿನವರಿಗೆ ಸೆಂಟರ್ ಎನ್ನುವುದು ದೊಡ್ಡ ಮಾತು. ತಿರುಗುವ ಕಬ್ಬಿಣ ನಟ್ಟನಡುವೆ ಕೂರದೆ ಕೂದಲೆಳೆಯಷ್ಟು ಸರಿದರೂ ಕೆಲಸ ಕೆಟ್ಟಿತೆಂದೇ ಲೆಕ್ಕ. ನಾವಿಬ್ಬರೂ ಬೇರೆಬೇರೆ ನೋಡಿದರೆ ಕೆಟ್ಟ ಕೆಲಸವೇ. ಜೊತೆಯಲ್ಲಿದ್ದಾಗ ಮಾತ್ರ ಗಾಡಿ ನೆಟ್ಟಗೆ ಹೋಗುತ್ತಿತ್ತು.

‘ನಡುವ ಕುಂದರ್ರಿ ಯಕ್ಕಾ’ ಎಂದಳು ಮಲ್ಲಮ್ಮ, ಈ ಸಲ ಮೆತ್ತಗೆ. ತನ್ನದೇ ಒಂದು ಚೂಡಿದಾರ್ ಕೊಟ್ಟಳು. ಅದನ್ನು ಹಾಕಿಕೊಂಡು, ಸೊಂಟ ಸರಿಸಿ, ಮೊಣಕಾಲು ಬಿಡಿಸಿ ನಡುವೆ ಕುಳಿತಾಗ ನನಗೆ ಆದದ್ದು ಸಂತೋಷವಲ್ಲ. ಯಾರನ್ನೋ ಪಕ್ಕಕ್ಕೆ ತಳ್ಳಿದ ಹಾಗಾಯಿತು. ಗಾಡಿಯಿಂದ ಇಳಿದುಬಿಟ್ಟೆ. ಮರುದಿನವೂ ಕೂರಲಾಗಲಿಲ್ಲ. ನಾಲ್ಕನೆಯ ದಿನ ಕುಳಿತೆ. ಬೇರೇನೂ ಅಲ್ಲ, ಮಾರುವ ದಿನ ಹತ್ತಿರವಾಗುತ್ತಿತ್ತು.

ಕೊನೆಯ ಟೆಸ್ಟಿನ ದಿನ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ಕಾಲೇಜು ಹುಡುಗಿ. ‘ಆಂಟಿ, ಮಗಳನ್ನ ಕರ್ಕೊಂಡ್ ಬಂದಿದೀರಾ?’

‘ಇಲ್ಲಮ್ಮ, ನನ್ನನ್ನೇ ಕರ್ಕೊಂಡ್ ಬಂದಿದೀನಿ.’

ನಾನು ಇಪ್ಪತ್ತೆರಡು ವರ್ಷ ಒಂದು ಬೋಲ್ಟ್ ಕಾರ್ಖಾನೆಯಲ್ಲಿ ಮೇಜಿನ ಮುಂದೆ ಕುಳಿತು ಒಂದೊಂದೇ ಬೋಲ್ಟ್ ಅಳೆದು, ಒಳ್ಳೆಯದನ್ನು ಈ ಡಬ್ಬಕ್ಕೆ, ರಿಜೆಕ್ಟ್ ಆದದ್ದನ್ನು ಆ ಡಬ್ಬಕ್ಕೆ ಹಾಕಿದವಳು. ಬೋಲ್ಟಿಗೆ ಹೇಗನ್ನಿಸುತ್ತದೆ ಎಂದು ಆವತ್ತು ಗೊತ್ತಾಯಿತು.

ಇನ್‌ಸ್ಪೆಕ್ಟರಿಗೆ ನನ್ನ ಗುರುತು ಸಿಕ್ಕಿತು. ‘ಮತ್ತೆ ಬಂದ್ರಾ ಅಮ್ಮಾ? ಮೊಮ್ಮಕ್ಕಳನ್ನ ಆಡಿಸ್ಕೊಂಡು ಆರಾಮಾಗಿರೋದಲ್ವಾ?’

‘ಶುರು ಮಾಡ್ಲಾ ಸಾರ್?’ ಎಂದೆ.

ಬಲಗಡೆಯ ಸುತ್ತು ಮುಗಿಯಿತು. ಎರಡು ಬಳೆ ಕೂಡುವ ಜಾಗ ದಾಟಿ ಎಡಕ್ಕೆ ತಿರುಗಿದೆ. ಹ್ಯಾಂಡಲ್ ನಡುಗಿತು. ಬಲ ಸೊಂಟ ತನ್ನ ಹಳೆಯ ಜಾಗಕ್ಕೆ ಜಾರತೊಡಗಿತು, ಎಡಗಾಲಿನ ಹಿಮ್ಮಡಿ ತಾನಾಗಿ ಎದ್ದಿತು. ಎರಡು ಸಲ ಕಾಲು ಕೊಟ್ಟಿದ್ದ ಜಾಗ ಮುಂದೇ ಇತ್ತು. ಕಾಲೂರಿದರೆ ಗಾಡಿ ಹೋಯಿತು. ‘ಸ್ವಲ್ಪ ಸರ್ಕೊಳ್ರೀ’ ಎಂದೆ, ಗಟ್ಟಿಯಾಗಿಯೇ. ಯಾರಿಗೆ ಹೇಳಿದೆನೆಂದು ನಿಮಗೆ ಗೊತ್ತು. ನಡುವೆ ಕುಳಿತೆ. ಗಾಡಿ ಎಡಕ್ಕೆ ವಾಲಿತು, ಅದರ ಜೊತೆ ನಾನೂ ವಾಲಿದೆ. ಬಿಳಿ ಗೆರೆ ಚಕ್ರದ ಕೆಳಗೇ ಬರುತ್ತಿತ್ತು.

‘ಅದ್ಯಾರಿಗಮ್ಮ ಸರ್ಕೊಳ್ಳಿ ಅಂದಿದ್ದು? ಅಲ್ಲಿ ಯಾರೂ ಇರ್ಲಿಲ್ವಲ್ಲ’ ಎಂದರು ಇನ್‌ಸ್ಪೆಕ್ಟರು, ಬರೆದುಕೊಳ್ಳುತ್ತಾ. ‘ಆಯ್ತು, ಹೋಗಿ. ಪಾಸು.’

ಗೇಟಿನ ಹತ್ತಿರದಿಂದ ಮಲ್ಲಮ್ಮ ಕೂಗಿದ್ದು ತುಮಕೂರು ರಸ್ತೆಯವರೆಗೂ ಕೇಳಿರಬೇಕು. ಸಂಜೆ ಮಗಳಿಗೆ ಫೋನ್ ಮಾಡಿದೆ. ‘ಹೆಲ್ಮೆಟ್ ಹಾಕ್ಕೊ’ ಎಂದಳು. ಅವಳ ಒಪ್ಪಿಗೆ ಅಷ್ಟೇ ಉದ್ದ.

ಕನ್ನಡದ ಎಂಟು ಒಳ್ಳೆಯದು, ಅದಕ್ಕೊಂದು ಕೊನೆ ಇದೆ. ಇಂಗ್ಲಿಷಿನ ಎಂಟಿಗೆ ಅದಿಲ್ಲ, ಸುತ್ತಿ ಸುತ್ತಿ ದಾಟಿದ ಜಾಗವನ್ನೇ ಮತ್ತೆ ದಾಟಬೇಕು. ಸಾವಾದ ಮನೆಯಲ್ಲಿ ದಿನಗಳು ಹೋಗುವುದು ಈ ಎರಡನೆಯ ರೀತಿಯಲ್ಲಿ. ನಾನು ಕಲಿತದ್ದು ಅದರ ಕೊನೆ ಮುಟ್ಟುವುದನ್ನಲ್ಲ, ಕಾಲೂರದೆ ಸುತ್ತುವುದನ್ನು.

ಈಗ ವಾರಕ್ಕೊಮ್ಮೆ ಸರ್ವಿಸ್ ರಸ್ತೆಯಲ್ಲಿ ನಾಲ್ಕಾರು ಮೈಲಿ ಹೋಗಿ ಬರುತ್ತೇನೆ. ಚೆನ್ನಾಗಿಯೇ ಓಡಿಸುತ್ತೇನೆ ಎಂದು ಮಲ್ಲಮ್ಮ ಹೇಳುತ್ತಾಳೆ. ಅವರು ನೋಡಿಲ್ಲ.